ಬಲೂನಿನ ಮೇಲಿಂದ ರಾಕೆಟ್ ಹಾರಿಸಿ ಕಕ್ಷೆ ಮುಟ್ಟಬಹುದೇ? ಕಲಬುರಗಿಯಿಂದ ಒಂದು ಪ್ರಸ್ತಾಪ

ಬೆಣ್ಣೆತೊರಾ, ಕಲಬುರಗಿ

ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳು ಒಂದು ಯೋಜನೆ ಹಿಡಿದುಕೊಂಡು ಬಂದಿದ್ದಾರೆ. ದೊಡ್ಡ ಪಾಲಿಥಿನ್ ಬಲೂನಿಗೆ ರಾಕೆಟ್ ತೂಗುಬಿಟ್ಟು 30 ಕಿ.ಮೀ. ಎತ್ತರಕ್ಕೆ ಒಯ್ಯುವುದು, ಅಲ್ಲಿ ಹೊತ್ತಿಸುವುದು, ಒಂದು ಕಿಲೋ ತೂಕದ ಉಪಗ್ರಹವನ್ನು ಕಕ್ಷೆಗೆ ಸೇರಿಸುವುದು. ಒಂದೇ ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಅದು ಅವರಿಗೂ ಗೊತ್ತು. ವರ್ಷದಿಂದ ವರ್ಷಕ್ಕೆ ಒಂದು ತಂಡ ಇನ್ನೊಂದು ತಂಡಕ್ಕೆ ಒಪ್ಪಿಸುತ್ತ ಹೋಗುವ ಯೋಜನೆಯಾಗಿ ಇದನ್ನು ಕಟ್ಟಬಹುದೇ ಎಂಬುದು ನನ್ನ ಪ್ರಶ್ನೆ.

ವಿಚಾರ ಹೊಸದಲ್ಲ. 1949ರಲ್ಲಿ ಅಮೆರಿಕದ ನೌಕೆಯೊಂದರ ಮೇಲೆ ರಾಕೆಟ್ ಪ್ರಯೋಗಕ್ಕೆ ಹೋಗಿದ್ದವರ ಮಾತುಕತೆಯಲ್ಲಿ ಇದು ಹುಟ್ಟಿತು. 1952ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ಗ್ರೀನ್‌ಲೆಂಡ್ ಬಳಿ ಈಸ್ಟ್‌ವಿಂಡ್ ಎಂಬ ಹಡಗಿನಿಂದ ಇಂಥ ರಾಕೆಟ್‌ಗಳನ್ನು ಹಾರಿಸಿದರು. ರಾಕೆಟ್ ಮತ್ತು ಬಲೂನ್ ಎರಡೂ ಹೆಸರು ಕೂಡಿಸಿ ಇದಕ್ಕೆ ರಾಕೂನ್ ಎನ್ನುತ್ತಾರೆ. ದುಡ್ಡು ಕಡಿಮೆಯಿದ್ದ ವಿಶ್ವವಿದ್ಯಾಲಯವೊಂದು ದುಬಾರಿ ರಾಕೆಟ್‌ಗಳ ಕೆಲಸವನ್ನು ಅಗ್ಗದಲ್ಲಿ ಮಾಡಿ ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ನಮ್ಮ ಕಾಲೇಜುಗಳ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ ಮಾದರಿ ಇನ್ನೊಂದಿಲ್ಲ.

30 ಕಿ.ಮೀ. ಮೇಲೆ ಗಾಳಿಯ ಒತ್ತಡ ನೆಲದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ರಾಕೆಟ್ ದಟ್ಟ ಗಾಳಿಯನ್ನು ಸೀಳಿಕೊಂಡು ಹೋಗಬೇಕಾಗಿಲ್ಲ. ನಿರ್ವಾತಕ್ಕೆ ಹೊಂದುವ ಅಗಲ ಬಾಯಿಯ ನಳಿಕೆಯನ್ನು (ಉರಿದ ಅನಿಲ ಹೊರಬರುವ ಕೊಳವೆ) ಮೊದಲ ಹಂತಕ್ಕೇ ಕೂಡಿಸಬಹುದು. ತಿಳಿದವರು ದಯವಿಟ್ಟು ಬಿಚ್ಚುಮನಸ್ಸಿನಿಂದ ಹೇಳಿ, ಇದರಲ್ಲಿ ಎಷ್ಟು ಗಟ್ಟಿ, ಎಷ್ಟು ಜಳ್ಳು?

ಮುಲ್ಲಾಮಾರಿ, ಚಿಂಚೋಳಿ

ಸರ್, ನಾನು ಭೌತಶಾಸ್ತ್ರದವನು. ಮಕ್ಕಳ ಹುಮ್ಮಸ್ಸಿಗೆ ತಣ್ಣೀರು ಎರಚಬೇಕೆಂದು ಬರೆಯುತ್ತಿಲ್ಲ. ಆದರೆ ಈ ಲೆಕ್ಕವನ್ನು ಅವರು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆಯಬೇಕು.

ಒಂದು ಕಿಲೋ ವಸ್ತುವನ್ನು 30 ಕಿ.ಮೀ. ಎತ್ತಲು ಬೇಕಾಗುವ ಶಕ್ತಿ ಸುಮಾರು 3 ಲಕ್ಷ ಜೌಲ್. ಅದೇ ಒಂದು ಕಿಲೋ ಭೂಮಿಯ ಹತ್ತಿರದ ಕಕ್ಷೆಯಲ್ಲಿ ಸೆಕೆಂಡಿಗೆ 7.8 ಕಿ.ಮೀ. ವೇಗದಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 3 ಕೋಟಿ ಜೌಲ್. ಅಂದರೆ ಬಲೂನು ಮಾಡಿಕೊಡುವುದು ನೂರರಲ್ಲಿ ಒಂದು ಪಾಲು. ಮಿಕ್ಕ ತೊಂಬತ್ತೊಂಬತ್ತು ಪಾಲು ರಾಕೆಟ್ಟಿನ ತಲೆಯ ಮೇಲೆಯೇ.

ಕಕ್ಷೆ ಎಂದರೆ ಎತ್ತರ ಎಂದು ಜನ ತಿಳಿದಿದ್ದಾರೆ. ಕಕ್ಷೆ ಎಂದರೆ ಅಡ್ಡಕ್ಕೆ ಓಡುವ ವೇಗ. ಬಲೂನು ಎತ್ತರ ಕೊಡುತ್ತದೆ, ವೇಗ ಕೊಡುವುದಿಲ್ಲ. ವಿಮಾನದ ಹೊಟ್ಟೆಯಿಂದ ಬಿಡುವ ಪೆಗಾಸಸ್ ರಾಕೆಟ್ಟಿಗೆ 1990ರಿಂದಲೂ ಎತ್ತರದ ಜೊತೆಗೆ ವಿಮಾನದ ಓಟವೂ ಸಿಕ್ಕಿದೆ. ನಿಮ್ಮ ಬಲೂನು ಗಾಳಿ ಎಳೆದತ್ತ ಸಾಗುತ್ತದೆ. ಭೂಮಿ ತಿರುಗುವುದರಿಂದ ಕಲಬುರಗಿಯ ಅಕ್ಷಾಂಶದಲ್ಲಿ ಪೂರ್ವಕ್ಕೆ ಸೆಕೆಂಡಿಗೆ ಸುಮಾರು 440 ಮೀಟರ್ ಸಿಗುತ್ತದೆ, ನಿಜ. ಅದು ನೆಲದಿಂದ ಹಾರುವ ರಾಕೆಟ್ಟಿಗೂ ಸಿಗುವಂಥದ್ದೇ.

ಭೀಮಾತೀರ, ಯಾದಗಿರಿ

ನಾನು ಡಿಪ್ಲೊಮಾ ಎರಡನೇ ವರ್ಷದ ವಿದ್ಯಾರ್ಥಿ. ನೂರರಲ್ಲಿ ಒಂದೇ ಪಾಲು ಲಾಭವಾದರೆ ಇಷ್ಟೊಂದು ಕಂಪನಿಗಳು ಇದರ ಹಿಂದೆ ಬಿದ್ದಿರುವುದೇಕೆ ಸರ್? ಸ್ಪೇನಿನ ಕಂಪನಿಯೊಂದು 2017ರಲ್ಲಿ ಸಮುದ್ರದ ಮೇಲೆ ಬಲೂನಿನಿಂದ ಮಾದರಿ ರಾಕೆಟ್ ಹಾರಿಸಿತೆಂದು ಓದಿದ್ದೇನೆ. ಜಪಾನಿನಲ್ಲಿಯೂ ಪ್ರಯತ್ನ ನಡೆದಿದೆ.

ಬೆಣ್ಣೆತೊರಾ, ಕಲಬುರಗಿ

ಒಳ್ಳೆಯ ಪ್ರಶ್ನೆ, ತಮ್ಮಾ. ಶಕ್ತಿಯ ಲೆಕ್ಕ ಒಂದು, ಇಂಧನದ ಲೆಕ್ಕ ಇನ್ನೊಂದು. ಮುಲ್ಲಾಮಾರಿ ಸರ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ನೆಲದಿಂದ ಹೊರಟ ರಾಕೆಟ್ 7.8 ಕಿ.ಮೀ. ವೇಗ ಮುಟ್ಟಲು ಒಟ್ಟು ಸುಮಾರು 9.4 ಕಿ.ಮೀ. ವೇಗಕ್ಕಾಗುವಷ್ಟು ಇಂಧನ ಸುಡಬೇಕು. ನಡುವಿನದು ಗುರುತ್ವ, ಗಾಳಿ ಮತ್ತು ಒತ್ತಡಕ್ಕೆ ಕೊಡುವ ಸುಂಕ. ಬಲೂನಿನಿಂದ ಅದರಲ್ಲಿ ಒಂದು ಕಿ.ಮೀ.ನಷ್ಟು ಉಳಿಯಿತೆಂದು ಇಟ್ಟುಕೊಳ್ಳಿ. ಘನ ಇಂಧನದ ಅನಿಲ ಸೆಕೆಂಡಿಗೆ 2.8 ಕಿ.ಮೀ. ವೇಗದಲ್ಲಿ ಹೊರಬರುತ್ತದೆ ಎಂದು ಹಿಡಿದು ರಾಕೆಟ್ ಸಮೀಕರಣಕ್ಕೆ, ಅಂದರೆ ಇಂಧನದ ತೂಕಕ್ಕೂ ಸಿಗುವ ವೇಗಕ್ಕೂ ಇರುವ ಲೆಕ್ಕಕ್ಕೆ, ಹಾಕಿ ನೋಡಿ. ಕೊನೆಗೆ ಉಳಿಯುವ ಪ್ರತಿ ಕಿಲೋಗೆ ಹೊರಡುವಾಗ 28 ಕಿಲೋಗಿಂತ ಹೆಚ್ಚು ಬೇಕಾಗಿದ್ದದ್ದು 20 ಕಿಲೋಗೆ ಇಳಿಯುತ್ತದೆ. ಹಂತಗಳ ಕವಚದ ತೂಕ ಬಿಟ್ಟು ಹಾಕಿದ ಒರಟು ಲೆಕ್ಕ ಇದು. ಆದರೂ ಹೊರಡುವ ತೂಕದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಇಳಿಯಿತು.

ರಾಕೆಟ್ ಚಿಕ್ಕದಾದಷ್ಟೂ ಈ ಲಾಭ ಹೆಚ್ಚು. ಗಾಳಿ ತಡೆಯುವುದು ರಾಕೆಟ್ಟಿನ ಅಡ್ಡಗಲವನ್ನು ಹಿಡಿದು, ನುಗ್ಗಿ ಹೋಗುವ ಕಸುವು ಅದರ ತೂಕವನ್ನು ಹಿಡಿದು. ಪಿಎಸ್‌ಎಲ್‌ವಿಯಂಥ ಭಾರಿ ರಾಕೆಟ್ಟಿಗೆ ಗಾಳಿ ದೊಡ್ಡ ಅಡ್ಡಿಯಲ್ಲ, ಸಣ್ಣದಕ್ಕೆ ಅದೇ ದೊಡ್ಡ ಶತ್ರು. ಜಪಾನಿನ ಎಸ್‌ಎಸ್-520-5 ಕಕ್ಷೆ ಮುಟ್ಟಿದ ಅತಿ ಚಿಕ್ಕ ರಾಕೆಟ್. 2018ರ ಫೆಬ್ರವರಿಯಲ್ಲಿ ನೆಲದಿಂದ ಹಾರಿತು. ಉದ್ದ ಒಂಬತ್ತೂವರೆ ಮೀಟರ್, ದಪ್ಪ ಅರ್ಧ ಮೀಟರಿನಷ್ಟು, ತೂಕ 2.6 ಟನ್, ಕಕ್ಷೆಗೆ ಒಯ್ದದ್ದು 3 ಕಿಲೋದ ಒಂದು ಪುಟ್ಟ ಉಪಗ್ರಹ. ಇಂಥ ಅಳತೆಯ ರಾಕೆಟ್ಟಿಗೇ ಬಲೂನು ಒಪ್ಪುವುದು. ಅದಲ್ಲದೆ ಹೊರಗಿನ ಒತ್ತಡವೇ ಇಲ್ಲದ ಕಡೆ ದಹನಕೋಣೆಯ ಒತ್ತಡವನ್ನೂ ಇಳಿಸಬಹುದು, ಆಗ ಕವಚ ತೆಳುವಾಗುತ್ತದೆ, ತೂಕ ಇನ್ನಷ್ಟು ಇಳಿಯುತ್ತದೆ.

ಒಂದು ಮಾತು ಮುಚ್ಚಿಡುವುದಿಲ್ಲ. ಬಲೂನಿನಿಂದ ಹೊರಟ ಯಾವ ರಾಕೆಟ್ಟೂ ಇವತ್ತಿನವರೆಗೆ ಕಕ್ಷೆ ಸೇರಿಲ್ಲ. ಅತ್ಯಂತ ಎತ್ತರಕ್ಕೆ ಹೋದದ್ದು 1957ರ ಫಾರ್‌ಸೈಡ್ ಯೋಜನೆ. ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಿಂದ ಅಮೆರಿಕದ ವಾಯುಪಡೆ ನಾಲ್ಕು ಹಂತದ ರಾಕೆಟ್ಟನ್ನು ಬಲೂನಿನಲ್ಲಿ 30 ಕಿ.ಮೀ. ಎತ್ತರಕ್ಕೆ ಒಯ್ದು, ಬಲೂನನ್ನೇ ತೂರಿಕೊಂಡು ಹೋಗುವಂತೆ ಮೇಲಕ್ಕೆ ಹಾರಿಸಿತು. ಸಾವಿರಾರು ಕಿ.ಮೀ. ಎತ್ತರ ಹೋಯಿತು. ನೇರ ಮೇಲಕ್ಕೆ ಹೋಗಿ ನೇರ ಕೆಳಕ್ಕೆ ಬರುವಂಥದ್ದು ಅದು, ಕಕ್ಷೆಯದ್ದಲ್ಲ.

ಮಾಂಜ್ರಾ, ಬೀದರ್

ಬಲೂನಿನ ಕಡೆಯಿಂದ ನಾನು ಮಾತಾಡುತ್ತೇನೆ. ಹಲವು ವರ್ಷ ಸಂಶೋಧನಾ ಬಲೂನುಗಳನ್ನು ತುಂಬಿ ಬಿಡುವ ಕೆಲಸದಲ್ಲಿದ್ದೆ, ಈಗ ನಿವೃತ್ತ. ಇಲ್ಲಿ ಬರೆಯುವವರೆಲ್ಲ ರಾಕೆಟ್ಟಿನ ಬಗ್ಗೆಯೇ ಬರೆಯುತ್ತಿದ್ದೀರಿ. ಬಲೂನು ಎಂದರೆ ಜಾತ್ರೆಯಲ್ಲಿ ಊದಿ ದಾರ ಕಟ್ಟುವ ವಸ್ತುವಲ್ಲ.

ನಿಮ್ಮ ರಾಕೆಟ್ ಒಂದು ಟನ್ ತೂಗುತ್ತದೆ ಎಂದುಕೊಳ್ಳೋಣ. 30 ಕಿ.ಮೀ. ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಹೆಚ್ಚೆಂದರೆ 18 ಗ್ರಾಂ. ಅಷ್ಟು ತೆಳುವಾದ ಗಾಳಿಯಲ್ಲಿ ಒಂದು ಟನ್ ರಾಕೆಟ್, ಅದನ್ನು ಹಿಡಿದಿರುವ ಚೌಕಟ್ಟು, ಬಲೂನಿನ ಸ್ವಂತ ತೂಕ ಎಲ್ಲವೂ ತೇಲಬೇಕಾದರೆ ಸುಮಾರು ಒಂದು ಲಕ್ಷ ಘನ ಮೀಟರ್ ಗಾತ್ರ ಬೇಕು. ಫಾರ್‌ಸೈಡ್‌ನವರು ಬಳಸಿದ ಬಲೂನೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಮೇಲೆ ಹೋಗಿ ಪೂರ್ತಿ ಅರಳಿದಾಗ ಅದರ ಅಡ್ಡಳತೆ ವಿಜಯಪುರದ ಗೋಲಗುಂಬಜದ ಎತ್ತರವನ್ನು ಮೀರುತ್ತದೆ. ಹಾಳೆಯ ದಪ್ಪ ಮಾತ್ರ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು.

ನೆಲದ ಮೇಲೆ ಇಷ್ಟನ್ನೂ ತುಂಬುವುದಿಲ್ಲ. ಮೇಲೆ ಹೋದ ಹಾಗೆ ಅನಿಲ ಅರವತ್ತು ಎಪ್ಪತ್ತು ಪಟ್ಟು ಹಿಗ್ಗುತ್ತದೆ. ಹಾಗಾಗಿ ನೆಲದಲ್ಲಿರುವಾಗ ತುದಿಯಲ್ಲೊಂದು ಗುಳ್ಳೆ, ಅದರ ಕೆಳಗೆ ಉದ್ದಕ್ಕೆ ಮಡಿಸಿ ಚಾಚಿದ ಖಾಲಿ ಪಾಲಿಥಿನ್. ಬೆಳಗಿನ ಜಾವ ಗಾಳಿ ಸತ್ತಂತಿರುವಾಗಲೇ ತುಂಬಬೇಕು. ಹಾಳೆಯನ್ನು ಕೆಳಗೆ ಹಾಸಿದ ಬಟ್ಟೆಯ ಮೇಲಿಟ್ಟೇ ಬಿಚ್ಚುತ್ತೇವೆ. ಉಂಗುರ, ಗಡಿಯಾರ ಕಳಚಿಟ್ಟು ಕೈ ಹಾಕುತ್ತೇವೆ. ಕಣ್ಣಿಗೆ ಕಾಣದ ಒಂದು ಗೀರು ಬಿದ್ದರೂ ಸಾಕು, ಮೇಲೆ ಹೋಗಿ ಹರಿಯುತ್ತದೆ. ಹರಿಯುವುದು ಹೆಚ್ಚಾಗಿ 16, 17 ಕಿ.ಮೀ. ಎತ್ತರದಲ್ಲಿ. ನಮ್ಮ ಉಷ್ಣವಲಯದ ಮೇಲೆ ಅಲ್ಲಿ ಮೈನಸ್ 80 ಡಿಗ್ರಿಯಷ್ಟು ಚಳಿ. ಹಾಳೆ ಗಾಜಿನಂತೆ ಪೆಡಸಾಗುತ್ತದೆ. ಧ್ರುವದ ಕಡೆಯವರಿಗೆ ಬೇಸಿಗೆಯಲ್ಲಿ ಈ ಎತ್ತರದಲ್ಲಿ ಇಷ್ಟು ಚಳಿ ಇರುವುದಿಲ್ಲ, ನಮ್ಮ ನೆತ್ತಿಯ ಮೇಲೆ ಇರುತ್ತದೆ. ಅದಕ್ಕೇ ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಉಷ್ಣವಲಯದ ಚಳಿಗೆ ತಾಳುವ ಹಾಳೆಯ ಮೇಲೆ ಅಷ್ಟೊಂದು ಕೆಲಸ ಮಾಡಿತು. ಒಂದು ಟನ್ ರಾಕೆಟ್ ಹೊತ್ತು ಈ ಪದರ ದಾಟುವುದೇ ನಿಮ್ಮ ಮೊದಲ ಪರೀಕ್ಷೆ.

ಗಾಳಿಯ ವಿಷಯಕ್ಕೆ ಬಂದರೆ, ಮಿನಿಟಿಗೆ 300 ಮೀಟರಿನಂತೆ ಏರಿದರೆ ಮೇಲೆ ತಲುಪಲು ಹತ್ತಿರಹತ್ತಿರ ಒಂದೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಚಳಿಗಾಲದಲ್ಲಿ 12 ಕಿ.ಮೀ. ಆಸುಪಾಸಿನಲ್ಲಿ ಪಶ್ಚಿಮದ ಬಿರುಗಾಳಿ ಬಲೂನನ್ನು ತೆಲಂಗಾಣದತ್ತ ತಳ್ಳುತ್ತದೆ. ಇನ್ನೂ ಮೇಲೆ ಹೋದರೆ ಗಾಳಿ ತಿರುಗಿ ಬೀಸಬಹುದು. ಯಾವ ಊರಿನ ಮೇಲೆ ನಿಂತು ರಾಕೆಟ್ ಹೊತ್ತಿಸುತ್ತೀರಿ ಎಂಬುದನ್ನು ನೀವು ಹೇಳಲಾರಿರಿ, ಗಾಳಿ ಹೇಳುತ್ತದೆ. ಬೀದರಿನಲ್ಲಂತೂ ವಾಯುಪಡೆಯ ತರಬೇತಿ ಕೇಂದ್ರವಿದೆ, ಆಕಾಶ ಖಾಲಿ ಸಿಗುವುದು ಕಷ್ಟ.

ಕಾಗಿಣಾ, ಸೇಡಂ

ಸುಣ್ಣದ ಕಲ್ಲಿನ ಗಣಿಯಲ್ಲಿ ಬ್ಲಾಸ್ಟಿಂಗ್ ನನ್ನ ಕಸುಬು. ರಾಕೆಟ್ ನನಗೆ ಗೊತ್ತಿಲ್ಲ, ಹೊತ್ತದೆ ಉಳಿದ ಮದ್ದು ಗೊತ್ತು.

ಗಣಿಯಲ್ಲಿ ಮಿಸ್‌ಫೈರ್ ಆದರೆ ಯಾರೂ ಹತ್ತಿರ ಹೋಗುವ ಹಾಗಿಲ್ಲ. ಕಾಯಬೇಕು, ಆ ಜಾಗಕ್ಕೆ ಕಾವಲು ಹಾಕಬೇಕು, ಲೈಸೆನ್ಸ್ ಇರುವವನೇ ಹೋಗಿ ನೋಡಬೇಕು. ಎಲ್ಲಿ ಯಾವ ರಂಧ್ರ ಹೊತ್ತಿಲ್ಲ ಎಂದು ನನಗೆ ತಿಳಿದಿರುತ್ತದೆ, ಏಕೆಂದರೆ ಕೊರೆಸಿದ್ದೇ ನಾನು. ನಿಮ್ಮ ರಾಕೆಟ್ ಮೇಲೆ ಹೊತ್ತದೇ ಹೋದರೆ ಏನು ಮಾಡುತ್ತೀರಿ? ಬಲೂನು ಯಾವತ್ತಿದ್ದರೂ ಕೆಳಗೆ ಬರಲೇಬೇಕು. ನೂರಾರು ಕಿಲೋ ಜೀವಂತ ಮದ್ದು, ಅದರೊಳಗೆ ಹೊತ್ತಲು ಸಿದ್ಧವಿರುವ ಇಗ್ನೈಟರ್ (ಮದ್ದಿಗೆ ಕಿಡಿ ಕೊಡುವ ಸಾಧನ), ಪ್ಯಾರಾಚೂಟಿನಲ್ಲಿ ಯಾವುದೋ ಹಳ್ಳಿಯ ಹೊಲಕ್ಕೆ ಇಳಿಯುತ್ತದೆ. ಸುತ್ತ ಮಕ್ಕಳು ಸೇರುತ್ತಾರೆ. ಯಾರೋ ಒಬ್ಬ ಸ್ಪ್ಯಾನರ್ ತರುತ್ತಾನೆ.

ಇನ್ನೊಂದು ಸಂಗತಿ. ಪಾಲಿಥಿನ್ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಅದರ ಒಳಗೆ ಹೈಡ್ರೋಜನ್, ಅದರ ಕೆಳಗೆ ಮದ್ದು. ನಮ್ಮಲ್ಲಿ ಡಿಟೊನೇಟರ್ ಇರುವ ಕಡೆ ಮೊಬೈಲ್ ಕೂಡ ಒಯ್ಯುವುದಿಲ್ಲ. ಬೀದರಿನ ಮಹಮೂದ್ ಗವಾನ್ ಮದರಸಾದ ಮುಂಭಾಗ ಮತ್ತು ಒಂದು ಮಿನಾರು ಇವತ್ತಿಗೂ ಇಲ್ಲ. ಔರಂಗಜೇಬನ ಕಾಲದಲ್ಲಿ ಅಲ್ಲಿ ಇಟ್ಟಿದ್ದ ಮದ್ದು ಸಿಡಿದು ಹೋದದ್ದು. ವಿದ್ಯೆ ಕಲಿಸುವ ಜಾಗದಲ್ಲಿ ಮದ್ದು ಇಡಬಾರದು ಎಂದು ಆ ಗೋಡೆಯನ್ನು ನೋಡಿದಾಗಲೆಲ್ಲ ನನಗೆ ಅನಿಸುತ್ತದೆ. ನಿಮ್ಮ ಕಾಲೇಜಿನ ವರ್ಕ್‌ಶಾಪಿಗೂ ಅದೇ ಮಾತು ಹೇಳುತ್ತೇನೆ.

ಬೆಣ್ಣೆತೊರಾ, ಕಲಬುರಗಿ

ಕಾಗಿಣಾ ಅವರೇ, ನಿಮ್ಮ ಬರಹವನ್ನು ಮುದ್ರಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದೇನೆ. ಹೊತ್ತದ ರಾಕೆಟ್ಟಿನ ಸಮಸ್ಯೆ ವ್ಯಾನ್ ಅಲೆನ್‌ಗೂ ಬಂದಿತ್ತು. 1952ರಲ್ಲಿ ಮೊದಲು ಬಿಟ್ಟ ಬಲೂನುಗಳು ಚೆನ್ನಾಗಿ ಏರಿದವು, ರಾಕೆಟ್ ಮಾತ್ರ ಹೊತ್ತಲಿಲ್ಲ. ಮೇಲಿನ ಚಳಿಗೆ ಹೊತ್ತಿಸುವ ಗಡಿಯಾರ ಯಂತ್ರ ಸೆಟೆದು ನಿಂತಿರಬೇಕೆಂದು ಅವರು ಊಹಿಸಿದರು. ಹಡಗಿನ ಅಡುಗೆಮನೆಯಲ್ಲಿದ್ದ ಕಿತ್ತಳೆ ರಸದ ಡಬ್ಬಿಗಳನ್ನು ಬಿಸಿ ಮಾಡಿ ಆ ಯಂತ್ರದ ಪಕ್ಕದಲ್ಲಿಟ್ಟು ಸುತ್ತಿ ಕಳಿಸಿದರು. ಮುಂದಿನ ರಾಕೆಟ್ ಹೊತ್ತಿತು. ಆ ಸಾಲಿನ ಪ್ರಯೋಗಗಳಲ್ಲೇ ಧ್ರುವಪ್ರಭೆಯ ವಲಯದಲ್ಲಿ ಅವರು ನಿರೀಕ್ಷಿಸದ ವಿಕಿರಣ ಸಿಕ್ಕಿತು. 1958ರಲ್ಲಿ ಎಕ್ಸ್‌ಪ್ಲೋರರ್-1 ಉಪಗ್ರಹದಿಂದ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ಪತ್ತೆ ಮಾಡಿದವರೂ ಅವರೇ.

ಆದರೆ ಆ ರಾಕೆಟ್‌ಗಳು ಹೊತ್ತದೆ ಬಿದ್ದದ್ದು ಸಮುದ್ರಕ್ಕೆ. ನೀವು ಕೇಳಿದ್ದು ಹೊಲಕ್ಕೆ ಬಿದ್ದರೆ ಏನು ಎಂದು. ಆ ಪ್ರಶ್ನೆಗೆ ಕಲಬುರಗಿ ಜಿಲ್ಲೆಯೊಳಗೆ ಉತ್ತರವಿಲ್ಲ.

ಕಾರಂಜಾ, ಹುಮನಾಬಾದ್

ಹೊಲದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ರೈತ, ತೊಗರಿ, ಕಡಲೆ ಬೆಳೆಯುತ್ತೇನೆ. 2025ರ ಜನವರಿಯಲ್ಲಿ ನಮ್ಮ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ದೊಡ್ಡ ಬಲೂನು ಬಂದು ಬಿದ್ದ ಸುದ್ದಿ ಎಲ್ಲರೂ ಓದಿದ್ದೀರಿ. ಹೈದರಾಬಾದಿನಿಂದ ಹಾರಿಸಿದ ಸಂಶೋಧನೆಯ ಬಲೂನು ಅದು. ಏನು ಎತ್ತ ತಿಳಿಯುವವರೆಗೆ ಊರಿಗೆ ಊರೇ ಗಾಬರಿಯಾಗಿತ್ತು.

ಹವಾಮಾನದವರ ಚಿಕ್ಕ ಬಲೂನಿನ ಡಬ್ಬಿಯೊಂದು ನನ್ನ ಹೊಲದಲ್ಲೂ ಬಿದ್ದಿತ್ತು. ಬಿಳಿ ಥರ್ಮೋಕೋಲಿನ ಪೆಟ್ಟಿಗೆ, ಅಂಗೈಯಲ್ಲಿ ಹಿಡಿಯುವಷ್ಟು, ಉದ್ದನೆಯ ದಾರ, ದಾರದ ತುದಿಯಲ್ಲಿ ಚಿಂದಿಯಾದ ರಬ್ಬರ್. ಅದರಿಂದ ಒಂದು ಗಿಡಕ್ಕೂ ಏಟು ಬೀಳಲಿಲ್ಲ. ನೋಡಲು ಬಂದವರು ತುಳಿದದ್ದರಿಂದ ಕಾಯಿ ಕಟ್ಟಿದ ತೊಗರಿಯ ಸಾಲುಗಳು ಮಲಗಿದವು. ಲೆಕ್ಕ ಹಾಕುವಾಗ ಇದನ್ನೂ ಹಾಕಿರಿ. ಹೈದರಾಬಾದಿನವರು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ, ಬಿದ್ದದ್ದನ್ನು ಮುಟ್ಟಬೇಡಿ, ತಿಳಿಸಿ, ತಿಳಿಸಿದವರಿಗೆ ಬಹುಮಾನವೂ ಉಂಟು ಎಂದು. ಒಳ್ಳೆಯ ಕ್ರಮ. ಆದರೆ ಹೊಲದಲ್ಲಿರುವವನಿಗೆ ಪತ್ರಿಕೆ ತಲುಪುವುದಿಲ್ಲ, ಪಂಚಾಯಿತಿಯ ಧ್ವನಿವರ್ಧಕ ತಲುಪುತ್ತದೆ.

ನಮ್ಮ ಮಕ್ಕಳು ಇಂಥದ್ದು ಕಲಿಯುವುದು ನನಗೆ ಬಹಳ ಸಂತೋಷ. ಮದ್ದು ಇಲ್ಲದ ಯಾವ ಪ್ರಯೋಗವಿದ್ದರೂ ನನ್ನ ಹೊಲದಲ್ಲಿ ಮಾಡಿಕೊಳ್ಳಿ, ರಾಶಿ ಮುಗಿದ ಮೇಲೆ.

ಅಮರ್ಜಾ, ಆಳಂದದವಳು, ಈಗ ಬೆಂಗಳೂರು

ಉಪಗ್ರಹದ ದಿಕ್ಕು ನಿಯಂತ್ರಿಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಇಲ್ಲಿಯವರೆಗೆ ಯಾರೂ ಎತ್ತದ ವಿಷಯವೊಂದಿದೆ. ರಾಕೆಟ್ ಹೊತ್ತುವ ಕ್ಷಣದಲ್ಲಿ ಅದು ಯಾವ ಕಡೆ ಮುಖ ಮಾಡಿರುತ್ತದೆ?

ನೆಲದ ಮೇಲೆ ಲಾಂಚರ್ ಭೂಮಿಗೆ ಕಚ್ಚಿಕೊಂಡಿರುತ್ತದೆ. ಬಲೂನಿನ ಕೆಳಗೆ ತೂಗುವ ಚೌಕಟ್ಟಿಗೆ ಊರಿಕೊಳ್ಳಲು ಏನೂ ಇಲ್ಲ. ಅದು ನಿಧಾನವಾಗಿ ಸುತ್ತುತ್ತಿರುತ್ತದೆ, ಜೊತೆಗೆ ಲೋಲಕದಂತೆ ತೂಗುತ್ತದೆ. 30 ಮೀಟರ್ ಹಗ್ಗವಿದ್ದರೆ ಒಂದು ತೂಗಿಗೆ 11 ಸೆಕೆಂಡು. ವ್ಯಾನ್ ಅಲೆನ್‌ಗೆ ಮೇಲಕ್ಕೆ ಹೋದರೆ ಸಾಕಿತ್ತು, ಎತ್ತ ವಾಲಿದರೂ ಚಿಂತೆ ಇರಲಿಲ್ಲ. ಕಕ್ಷೆಗೆ ಹೋಗುವವರಿಗೆ ಪೂರ್ವ ಎಂದರೆ ಪೂರ್ವವೇ. ಬಲೂನು ಗಾಳಿಯ ಜೊತೆಯಲ್ಲೇ ಸಾಗುವುದರಿಂದ ಅಡ್ಡಗಾಳಿಯ ಹೊಡೆತ ಇಲ್ಲ, ಅದೊಂದು ಅನುಕೂಲ. ಅದರ ಬೆನ್ನಿಗೇ ಅನನುಕೂಲವೂ ಇದೆ. 3 ಮೀಟರ್ ಹಳಿಯ ಮೇಲೆ ಹತ್ತು ಜಿ (ಗುರುತ್ವದ ಹತ್ತು ಪಟ್ಟು) ವೇಗೋತ್ಕರ್ಷದಲ್ಲಿ ಓಡಿದರೂ ಹಳಿ ಬಿಡುವಾಗ ರಾಕೆಟ್ಟಿನ ವೇಗ ಸೆಕೆಂಡಿಗೆ 24 ಮೀಟರ್ ಆಸುಪಾಸು. ಆ ತೆಳು ಗಾಳಿಯಲ್ಲಿ ಅಷ್ಟು ವೇಗಕ್ಕೆ ಬಾಲದ ರೆಕ್ಕೆಗಳು ಏನನ್ನೂ ಹಿಡಿಯುವುದಿಲ್ಲ. ರಾಕೆಟ್ ಹಳಿಯನ್ನು ತುಸು ಒತ್ತಿದರೂ ಹಗುರವಾದ ಚೌಕಟ್ಟು ಹಿಂದಕ್ಕೆ ಜರುಗುತ್ತದೆ, ಮೂತಿ ಬೇರೆ ಕಡೆ ಹೊರಳುತ್ತದೆ. ಮೊದಲ ಕ್ಷಣದಿಂದಲೇ ನಳಿಕೆಯನ್ನು ಹೊರಳಿಸಿ ಸರಿಪಡಿಸಬೇಕು, ಇಲ್ಲವೇ ರಾಕೆಟ್ಟನ್ನು ಗಿರಗಿರ ತಿರುಗಿಸಿಕೊಂಡೇ ಬಿಡಬೇಕು. ಬಲೂನನ್ನು ತೂರಿ ಹೋಗಬೇಕೋ, ಪಕ್ಕಕ್ಕೆ ವಾಲಿಸಿ ತಪ್ಪಿಸಿಕೊಂಡು ಹೋಗಬೇಕೋ ಎಂಬ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಬಾಹ್ಯಾಕಾಶಕ್ಕೆ ಏನು ಕಳಿಸುವುದಿದ್ದರೂ ಇನ್‌ಸ್ಪೇಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಒಪ್ಪಿಗೆ ಬೇಕು. ಬಲೂನಿಗೆ ವಿಮಾನಯಾನ ನಿರ್ದೇಶನಾಲಯದ್ದು, ಮದ್ದಿಗೆ ಸ್ಫೋಟಕ ಇಲಾಖೆಯದ್ದು ಬೇರೆ. 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ ನಮ್ಮ ರಾಕೆಟ್ ಇನ್ನೊಂದು ದೇಶದ ನೆಲಕ್ಕೆ ಬಿದ್ದು ಹಾನಿ ಮಾಡಿದರೆ ಭರಿಸಬೇಕಾದದ್ದು ಭಾರತ ಸರ್ಕಾರ. ಶ್ರೀಹರಿಕೋಟಾ ಸಮುದ್ರದ ದಂಡೆಯಲ್ಲಿರುವುದು, ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಹೊಸ ಉಡಾವಣಾ ಕೇಂದ್ರ ಕಟ್ಟುತ್ತಿರುವುದು ಸುಮ್ಮನೆ ಅಲ್ಲ. ಕಲಬುರಗಿಯಿಂದ ಪೂರ್ವಕ್ಕೆ ಬಿಟ್ಟರೆ ಉರಿದ ಮೊದಲ ಹಂತ ಬೀಳುವುದು ಜನ ಇರುವ ನೆಲದ ಮೇಲೆ.

ಮುಲ್ಲಾಮಾರಿ, ಚಿಂಚೋಳಿ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ನಿಲುವು ಇನ್ನೂ ಗಟ್ಟಿಯಾಯಿತು. ಮಕ್ಕಳಿಗೆ ಬೇಕಾದದ್ದು ಒಂದು ಕಿಲೋ ಉಪಗ್ರಹ ಕಕ್ಷೆಗೆ ಹೋಗುವುದು ತಾನೇ? ಬೆಂಗಳೂರು, ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ ಸ್ಟಡ್‌ಸ್ಯಾಟ್ 2010ರ ಜುಲೈಯಲ್ಲಿ ಪಿಎಸ್‌ಎಲ್‌ವಿ ಏರಿ ಹೋಯಿತು. ಅದರ ತೂಕ ಒಂದು ಕಿಲೋದೊಳಗೇ. ಕೆಲವು ವರ್ಷಗಳಿಂದ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನೇ ಪ್ರಯೋಗಗಳ ವೇದಿಕೆಯಾಗಿ ಕಕ್ಷೆಯಲ್ಲಿ ಉಳಿಸಿಕೊಳ್ಳುತ್ತಿದ್ದಾರೆ, ಉಪಕರಣ ಮಾತ್ರ ಮಾಡಿ ಕೊಟ್ಟರೆ ಸಾಕು. ಈ ದಾರಿಯಲ್ಲಿ ನಮ್ಮ ಭಾಗದ ಮಕ್ಕಳು ಕಾಲೇಜಿನಲ್ಲಿರುವಾಗಲೇ ಕಕ್ಷೆ ಮುಟ್ಟಬಹುದು. ಬಲೂನಿನ ದಾರಿಯಲ್ಲಿ ಅವರ ಮೊಮ್ಮಕ್ಕಳು ಮುಟ್ಟಿಯಾರು. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗೆ ಸಿಗುವ ಅವಕಾಶಗಳೇ ಕಡಿಮೆ. ಇರುವ ಕೆಲವೇ ವರ್ಷಗಳನ್ನು ಮುಗಿಯದ ಕೆಲಸಕ್ಕೆ ಹಾಕಿಸುವುದು ನ್ಯಾಯವೇ ಎಂದು ಮನಸ್ಸಿಟ್ಟು ಕೇಳುತ್ತಿದ್ದೇನೆ.

ಭೀಮಾತೀರ, ಯಾದಗಿರಿ

ಸರ್, ಉಪಕರಣ ಕೊಟ್ಟು ಕಳಿಸಿದರೆ ರಾಕೆಟ್ ಹೇಗೆ ಹಾರುತ್ತದೆ ಎಂದು ನಾವು ಯಾವಾಗ ಕಲಿಯುವುದು? ನಮ್ಮ ದೇಶದ ಖಾಸಗಿ ರಾಕೆಟ್ ಕಂಪನಿಗಳಾದ ಸ್ಕೈರೂಟ್‌ನವರು 2022ರಲ್ಲಿ, ಅಗ್ನಿಕುಲ್‌ನವರು 2024ರಲ್ಲಿ ಹಾರಿಸಿದ್ದು ಕಕ್ಷೆಯ ರಾಕೆಟ್ ಅಲ್ಲ, ಮೇಲೆ ಹೋಗಿ ಬೀಳುವಂಥದ್ದು. ಅವರೂ ಅಲ್ಲಿಂದಲೇ ಆರಂಭಿಸಿದರು.

ಬೆಣ್ಣೆತೊರಾ, ಕಲಬುರಗಿ

ಮುಲ್ಲಾಮಾರಿ ಸರ್, ನಿಮ್ಮ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಪಿಎಸ್‌ಎಲ್‌ವಿ ಏರಿ ಹೋಗುವ ಉಪಕರಣದ ಕೆಲಸ ಬೇಡವೆನ್ನುವುದಿಲ್ಲ. ಅದಕ್ಕೆ ಇನ್ನೊಂದು ತಂಡ ಕಟ್ಟೋಣ, ನೀವೇ ಮುಂದೆ ನಿಲ್ಲಿ. ಆದರೆ ಬಲೂನಿನ ರಾಕೆಟ್ಟನ್ನು ನಾನು ಬಿಡುವುದಿಲ್ಲ. ಇಡೀ ಚರ್ಚೆಯನ್ನು ಮತ್ತೆ ಓದಿದಾಗ ನನಗೆ ಕಂಡದ್ದು ಹೀಗೆ. ಮಾಂಜ್ರಾ ಅವರು ಹೇಳಿದ ಬಲೂನು ದೇಶದಲ್ಲಿ ಇದೆ, ಪಕ್ಕದ ಹೈದರಾಬಾದಿನಲ್ಲೇ ಇದೆ. ಘನ ಇಂಧನದ ರಾಕೆಟ್ 1960ರ ದಶಕದಿಂದ ದೇಶದಲ್ಲಿ ಇದೆ. ಇವೆರಡರ ನಡುವೆ ತೂಗುವ ಆ ಚೌಕಟ್ಟು ಮಾತ್ರ ಇಲ್ಲ. ರಾಕೆಟ್ಟನ್ನು ಮೈನಸ್ 80 ಡಿಗ್ರಿಯಲ್ಲೂ ಬೆಚ್ಚಗಿಡುವ, ಹೊತ್ತಿಸುವ ಮೊದಲು ಪೂರ್ವಕ್ಕೆ ಮುಖ ಮಾಡಿಸಿ ಅಲುಗದಂತೆ ಹಿಡಿಯುವ, ಹೊತ್ತದೇ ಹೋದರೆ ಇಗ್ನೈಟರಿನ ಸಂಪರ್ಕ ತಾನೇ ಕಡಿದುಕೊಂಡು ಇಳಿಯುವ ಚೌಕಟ್ಟು. ಅದು ನಿಜಕ್ಕೂ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳ ಕೈಗೆ ಎಟುಕುವ ಕೆಲಸ, ಮತ್ತು ಪ್ರಪಂಚದಲ್ಲಿ ಇನ್ನೂ ಚೆನ್ನಾಗಿ ಮುಗಿಯದ ಕೆಲಸ. ಮದ್ದಿನ ಕಡ್ಡಿಯೂ ಬೇಕಾಗಿಲ್ಲ. ಹಾರಿಸುವುದು ಎಂದಾದರೂ ನಡೆದರೆ ಸಮುದ್ರದಲ್ಲಿ ಹಡಗಿನ ಮೇಲಿಂದ ನಡೆಯಲಿ, ವ್ಯಾನ್ ಅಲೆನ್ ಮಾಡಿದ ಹಾಗೆ. ಚೌಕಟ್ಟು ಕಲಬುರಗಿಯದ್ದಾಗಿರಲಿ.

ಅಮರ್ಜಾ ಮೇಡಂ, ಸುತ್ತುವುದನ್ನು ನಿಲ್ಲಿಸಲು ಎಲ್ಲಿಂದ ಶುರು ಮಾಡಬೇಕು?

ಅಮರ್ಜಾ, ಬೆಂಗಳೂರು

ಎರಡು ದಾರಿಯಿದೆ ಸರ್. ಚೌಕಟ್ಟಿನೊಳಗೆ ಭಾರವಾದ ಚಕ್ರವೊಂದನ್ನು ತಿರುಗಿಸಿದರೆ ಚೌಕಟ್ಟು ಎದುರು ದಿಕ್ಕಿಗೆ ತಿರುಗುತ್ತದೆ. ಉಪಗ್ರಹದಲ್ಲಿ ನಾವು ಮಾಡುವುದು ಇದೇ. ಚಕ್ರಕ್ಕೆ ವೇಗದ ಮಿತಿ ಇದೆ, ಅದು ಮುಟ್ಟಿದ ಮೇಲೆ ಕೈಕಟ್ಟಿದಂತೆ. ಆಗ ಎರಡನೆಯದು ಬೇಕು. ಹಗ್ಗ ಸೇರುವಲ್ಲಿ ತಿರುಗಣಿ ಹಾಕಿ, ಅಲ್ಲಿ ಮೋಟಾರು ಕೂಡಿಸಿ, ಬಲೂನಿನ ಜಡತ್ವವನ್ನೇ ಆಧಾರ ಮಾಡಿಕೊಂಡು ತಿರುಗಿಸುವುದು. ಮೇಲೆ ದೂರದರ್ಶಕ ಒಯ್ಯುವ ಬಲೂನುಗಳಲ್ಲಿ ಎರಡನ್ನೂ ಕೂಡಿಸಿಯೇ ಬಳಸುತ್ತಾರೆ. ಮೊದಲು ಒಂದು ಎತ್ತರದ ಕಟ್ಟಡದ ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಹಗ್ಗಕ್ಕೆ ತೂಗುಬಿಟ್ಟು ನೋಡಿ. ದಿಕ್ಕು ತಿಳಿಯಲು ಸೂರ್ಯನನ್ನು ನೋಡುವ ಸಂವೇದಕ ಹಾಕಿ, ಒಳಗಿನ ಪರೀಕ್ಷೆಗೆ ಸೂರ್ಯನ ಬದಲು ದೀಪವೊಂದನ್ನು ಇಡಿ. ಕಬ್ಬಿಣದ ಕಟ್ಟಡದೊಳಗೆ ದಿಕ್ಸೂಚಿಯನ್ನು ನಂಬಬೇಡಿ. ನಾನು ರಜೆಗೆ ಊರಿಗೆ ಬಂದಾಗ ಕಾಲೇಜಿಗೂ ಬರುತ್ತೇನೆ.

ಮಾಂಜ್ರಾ, ಬೀದರ್

ಚಳಿಯ ಪರೀಕ್ಷೆಗೆ ಒಣ ಮಂಜುಗಡ್ಡೆ ಸಾಕು, ಮೈನಸ್ 78 ಡಿಗ್ರಿ ಸಿಗುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಚೌಕಟ್ಟಿನ ಬ್ಯಾಟರಿ, ಮೋಟಾರು, ಗ್ರೀಸು ಎಲ್ಲವನ್ನೂ ಎರಡು ಗಂಟೆ ಇಟ್ಟು ನೋಡಿ. ಬಾಗಿಲು ತೆರೆದ ಕೋಣೆಯಲ್ಲೇ ಮಾಡಿ, ಮುಚ್ಚಿದ ಕೋಣೆಯಲ್ಲಿ ಆ ಅನಿಲ ಉಸಿರು ಕಟ್ಟಿಸುತ್ತದೆ. ಮೊದಲು ಕೈಕೊಡುವುದು ಗ್ರೀಸು, ಆಮೇಲೆ ಬ್ಯಾಟರಿ.

ಮುಲ್ಲಾಮಾರಿ, ಚಿಂಚೋಳಿ

ಕಕ್ಷೆಯ ಬಗ್ಗೆ ನನ್ನ ಅನುಮಾನ ಹೋಗಿಲ್ಲ. ಚೌಕಟ್ಟಿನ ಕೆಲಸಕ್ಕೆ ನನ್ನ ತಕರಾರಿಲ್ಲ. ಲೋಲಕದ ಸಮೀಕರಣಗಳನ್ನು ಮಕ್ಕಳಿಗೆ ಹೇಳಿಕೊಡಲು ಭಾನುವಾರಗಳಲ್ಲಿ ಬರುತ್ತೇನೆ. ಇನ್ನೊಂದು ತಂಡದ ವಿಷಯವನ್ನು ಪ್ರಾಂಶುಪಾಲರ ಮುಂದೆ ನೀವೇ ಇಡಿ.

ಭೀಮಾತೀರ, ಯಾದಗಿರಿ

ನಮ್ಮ ಪಾಲಿಟೆಕ್ನಿಕ್ಕಿನವರೂ ಸೇರಬಹುದೇ ಸರ್? ವೆಲ್ಡಿಂಗ್, ಲೇತ್ ಕೆಲಸ ನಮಗೆ ಬರುತ್ತದೆ. ತೂಗು ಪರೀಕ್ಷೆಗೆ ರಾಕೆಟ್ಟಿನ ಬದಲು ಏನು ಕಟ್ಟುವುದು?

ಕಾಗಿಣಾ, ಸೇಡಂ

ಮರಳು ತುಂಬಿದ ಪಿವಿಸಿ ಕೊಳವೆ ಕಟ್ಟು, ತಮ್ಮಾ. ತೂಕವೂ ಸರಿ, ತೂಕದ ಕೇಂದ್ರವೂ ಬೇಕಾದಲ್ಲಿ ಕೂರುತ್ತದೆ. ಇಗ್ನೈಟರಿನ ಜಾಗದಲ್ಲಿ ಒಂದು ಸಣ್ಣ ಬಲ್ಬು ಹಾಕು. ಚೌಕಟ್ಟು ಇಳಿದು ನೆಲ ಮುಟ್ಟುವಾಗ ಆ ಬಲ್ಬಿಗೆ ವಿದ್ಯುತ್ ಹೋಗುವ ದಾರಿ ಎರಡು ಕಡೆ ಕಡಿದಿರಬೇಕು, ಒಂದು ಕಡೆಯಲ್ಲ. ಕಡಿದಿದೆಯೋ ಇಲ್ಲವೋ ಎಂಬುದು ದೂರದಿಂದಲೇ ಕಾಣುವಂತೆ ಹೊರಗೆ ಕೆಂಪು ಪಟ್ಟಿ ಇರಬೇಕು. ಕೆಂಪು ಕಂಡರೆ ಯಾರೂ ಹತ್ತಿರ ಹೋಗಬಾರದು, ಮಾಡಿದವನೂ ಸೇರಿ. ಬಲ್ಬಿನ ಜೊತೆ ಆ ಅಭ್ಯಾಸ ಮೊದಲು ಕೂರಲಿ. ಸೇರಿಸಿಕೊಳ್ಳುವ ಮಾತು ಬೆಣ್ಣೆತೊರಾ ಸರ್ ಹೇಳಬೇಕು.

ಬೆಣ್ಣೆತೊರಾ, ಕಲಬುರಗಿ

ಖಂಡಿತ ಸೇರಿ. ಚೌಕಟ್ಟಿನ ತಿರುಗಣಿಯನ್ನು ಯಾದಗಿರಿಯ ತಂಡವೇ ಲೇತಿನಲ್ಲಿ ಮಾಡಿಕೊಡಲಿ. ನಕ್ಷೆಯನ್ನು ಈ ವಾರ ಇಲ್ಲಿಯೇ ಹಾಕುತ್ತೇನೆ. ಬೇರಿಂಗಿನ ಅಳತೆ ಯಾರಿಗೆ ಹೊಂದದಿದ್ದರೂ ಕೂಡಲೇ ತಿಳಿಸಿ.